ತಾಳಿಕೋಟೆಯ ಕಾಳಗವನ್ನು ಆಕಾಶಕ್ಕೆ ಒಯ್ದದ್ದು

ಸ್ಪೇಸ್ ಒಪೆರಾ ಅಂದರೆ ನಕ್ಷತ್ರಗಳ ನಡುವೆ ನಡೆಯುವ ಅರಸರ, ಯುದ್ಧಗಳ ಭರ್ಜರಿ ಸಾಹಸಕತೆ. ಅದನ್ನು ಬರೆಯಲು ಕುಳಿತವರಿಗೆ ಮೊದಲು ಅಡ್ಡ ಬರುವುದು ದೂರ. ಸೂರ್ಯನನ್ನು ಬಿಟ್ಟರೆ ನಮಗೆ ತೀರ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅದಕ್ಕೇ 4.24 ಜ್ಯೋತಿರ್ವರ್ಷ. ಸೆಕೆಂಡಿಗೆ ಸುಮಾರು 17 ಕಿ.ಮೀ. ಓಡುತ್ತಿರುವ ವಾಯೇಜರ್-1 ಎಂಬ ಅಮೆರಿಕದ ನೌಕೆಗೆ ಅಷ್ಟು ದೂರ ಸಾಗಲು ಹತ್ತಿರಹತ್ತಿರ 75,000 ವರ್ಷ ಬೇಕು. ಇಷ್ಟು ಅಂತರದಲ್ಲಿ ಇಬ್ಬರು ಅರಸರು ಜಗಳ ತೆಗೆಯುವುದಾದರೂ ಹೇಗೆ?

ಅದಕ್ಕೇ ಈ ಬಗೆಯ ಲೇಖಕ ಓದುಗನಿಂದ ಒಂದು ಸುಳ್ಳಿಗೆ ಪರವಾನಗಿ ಪಡೆಯುತ್ತಾನೆ: ಬೆಳಕಿಗಿಂತ ಬೇಗ ಹೋಗುವ ದಾರಿ. ನನ್ನ ಕತೆಗೆ ನಾನು ಪಡೆದದ್ದು ಅಗಸಿಗಳನ್ನು, ಅಂದರೆ ಊರಬಾಗಿಲುಗಳನ್ನು. ಪ್ರತಿ ನಕ್ಷತ್ರದ ಹತ್ತಿರ ಒಂದು ಅಗಸಿ. ಅದರೊಳಗೆ ಹೊಕ್ಕ ನೌಕೆ ಮುಂದಿನ ನಕ್ಷತ್ರದ ಅಗಸಿಯಲ್ಲಿ ಹೊರಬೀಳುತ್ತದೆ. ಅದು ಹೇಗೆ ಸಾಧ್ಯ ಎಂದು ನಾನು ಎಲ್ಲಿಯೂ ಬಿಡಿಸಿ ಹೇಳಿಲ್ಲ. ಶುದ್ಧ ವಿಜ್ಞಾನವನ್ನೇ ನಂಬಿದ ಕತೆಯಲ್ಲಿ ಕುತೂಹಲವೆಲ್ಲ ಯಂತ್ರದ ಮೇಲೆ. ಇಲ್ಲಿ ಕುತೂಹಲ ಬೇರೆ: ಅಗಸಿಯ ಕೀಲಿ ಯಾವ ಮನೆತನದ ಕೈಯಲ್ಲಿದೆ, ಸುಂಕ ಎಷ್ಟು, ಯಾರಿಗೆ ಮಾಫಿ.

ಎಂಜಿನಿಯರಿಂಗ್ ಓದುವ ನಮ್ಮ ಅಕ್ಕನ ಮಗ ಮೊದಲ ಅಧ್ಯಾಯಗಳನ್ನು ಓದಿ, "ಮಾಮಾ, ಇದೇನ್ ವಿಜ್ಞಾನ ಅಲ್ ಬಿಡ್ರಿ, ದೊಡ್ಡಾಟ ಆತು" ಅಂದ. ಅವನು ಆಡಿಕೊಂಡದ್ದೇ ನನಗೆ ದಾರಿಯಾಯಿತು. ಸ್ಪೇಸ್ ಒಪೆರಾ ಎಂಬ ಪ್ರಕಾರ ಹೆಸರು ಪಡೆದದ್ದೇ ಬೈಸಿಕೊಂಡು. 1928ರಲ್ಲಿ ಇ. ಇ. ಸ್ಮಿತ್ ಅಮೆರಿಕದ ಪತ್ರಿಕೆಯೊಂದರಲ್ಲಿ ನಕ್ಷತ್ರಗಳ ನಡುವೆ ಹಾರಾಡುವ ಸಾಹಸದ ಧಾರಾವಾಹಿ ಶುರುಮಾಡಿದ. ಅವನ ಹಿಂದೆ ಬಂದ ನಕಲುಗಳ ರಾಶಿಯಿಂದ ಬೇಸತ್ತು 1941ರಲ್ಲಿ ಲೇಖಕ ವಿಲ್ಸನ್ ಟಕರ್ ಈ ಹೆಸರನ್ನು ಬಯ್ಗುಳವಾಗಿಯೇ ಇಟ್ಟ. ದೊಡ್ಡಾಟದಲ್ಲಿ ಭುಜಕೀರ್ತಿ ಕಟ್ಟಿದ ಅರಸ ಅಟ್ಟ ನಡುಗುವಂತೆ ಕುಣಿದು, ಸಾರಥಿಗೆ ತನ್ನ ಪ್ರತಾಪ ಹೇಳಿಕೊಂಡ ಮೇಲೆಯೇ ಆಟ ಮುಂದೆ ಹೋಗುತ್ತದೆ. ನನ್ನ ಅರಸರಿಗೂ ಹಾಗೆಯೇ ಪ್ರವೇಶ ಕೊಟ್ಟೆ. ಸಂಕೋಚದಿಂದ ಬರೆದರೆ ಸ್ಪೇಸ್ ಒಪೆರಾ ಸತ್ತೇಹೋಗುತ್ತದೆ.

ಕತೆಯ ಗಂಟು ಊರಲ್ಲೇ ಸಿಕ್ಕಿತು. ವಿಜ್ಞಾನ ಕತೆಗಾರ ಐಸಾಕ್ ಅಸಿಮೋವ್ ರೋಮ್ ಸಾಮ್ರಾಜ್ಯದ ಪತನವನ್ನು ಓದಿಕೊಂಡು ತನ್ನ ನಕ್ಷತ್ರಸಾಮ್ರಾಜ್ಯ ಕಟ್ಟಿದ. ವಿಜಯಪುರದಲ್ಲಿ ಕುಳಿತ ನನಗೆ ರೋಮ್ ಯಾಕೆ ಬೇಕು? ವಿಜಯನಗರವನ್ನು ಆಳುತ್ತಿದ್ದ ಅಳಿಯ ರಾಮರಾಯ ಸುತ್ತಲಿನ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತಿದ್ದ. ರಾಮರಾಯನ ಮಗ ತೀರಿಕೊಂಡಾಗ ಸಂತಾಪ ಹೇಳಲು ವಿಜಯಪುರದ ಸುಲ್ತಾನ ಒಂದನೆಯ ಅಲಿ ಆದಿಲ್‌ಶಾಹ ಸ್ವತಃ ವಿಜಯನಗರಕ್ಕೆ ಹೋಗಿದ್ದ, ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು ಎಂದು ಇತಿಹಾಸಕಾರ ಫಿರಿಷ್ತಾ ಬರೆಯುತ್ತಾನೆ. ಅದೇ ಅಲಿ ಮುಂದೆ ಅಹಮದನಗರದ ಸುಲ್ತಾನನ ಮಗಳು ಚಾಂದ್ ಬೀಬಿಯನ್ನು ಮದುವೆಯಾದ, ಸೊಲ್ಲಾಪುರದ ಕೋಟೆ ವರದಕ್ಷಿಣೆಯಾಗಿ ಬಂತು, ತನ್ನ ತಂಗಿಯನ್ನು ಆ ಮನೆಗೆ ಕೊಟ್ಟ. 1565ರ ಜನವರಿಯಲ್ಲಿ ತಾಳಿಕೋಟೆಯ ಕಾಳಗದಲ್ಲಿ ರಾಮರಾಯನ ತಲೆ ಉರುಳಿತು. ಮಗನೆನಿಸಿಕೊಂಡವನೇ ಎದುರು ಪಾಳೆಯದಲ್ಲಿದ್ದ! ನಾನು ಮಾಡಿದ್ದಿಷ್ಟೇ: ಸೊಲ್ಲಾಪುರದ ಜಾಗಕ್ಕೆ ಒಂದು ಅಗಸಿ ಇಟ್ಟೆ. ಉಳಿದದ್ದು ತಾನಾಗಿ ನಡೆಯಿತು.

ಒಂದು ನಿಯಮವನ್ನು ಮಾತ್ರ ಹಟ ಹಿಡಿದು ಪಾಲಿಸಿದೆ. ರೇಡಿಯೋ ಸಂದೇಶ ಅಗಸಿ ದಾಟುವುದಿಲ್ಲ. ಸುದ್ದಿ ನೌಕೆಯ ಜೊತೆಗೇ ಹೋಗಬೇಕು. ಹೀಗಾಗಿ ಮದುವೆಯ ಸುದ್ದಿ ರಾಜಧಾನಿ ಮುಟ್ಟುವಷ್ಟರಲ್ಲಿ ಸೈನ್ಯ ಅರ್ಧ ದಾರಿ ಬಂದಿರುತ್ತದೆ. ಎಲ್ಲರ ಕೈಯಲ್ಲೂ ಫೋನು ಕೊಟ್ಟರೆ ಸಾಮಂತ ಸ್ವಂತ ಬುದ್ಧಿಯಿಂದ ದ್ರೋಹ ಮಾಡಲಾರ, ಕಿಲ್ಲೇದಾರ ಸ್ವಂತ ಧೈರ್ಯದಿಂದ ಕೋಟೆ ಉಳಿಸಲಾರ. (ಹೌದು, ನನ್ನ ಕತೆಯಲ್ಲಿ ಅಡ್ಮಿರಲ್‌ಗಳಿಲ್ಲ, ಕಿಲ್ಲೇದಾರರು, ದೇಸಾಯರು, ನಾಡಗೌಡರು ಇದ್ದಾರೆ. ನಾಲಿಗೆ ಹೊರಳದ ಗ್ರಹನಾಮಗಳೂ ಇಲ್ಲ.)

ವಿಜ್ಞಾನ ಪೂರ್ತಿ ಬಿಟ್ಟೆನೆಂದಲ್ಲ. ಸೂರ್ಯನ ಬೆಳಕು ನಮಗೆ ಮುಟ್ಟಲು ಎಂಟು ನಿಮಿಷದ ಮೇಲೆ ಬೇಕು. ಕೊನೆಯ ಕಾಳಗದಲ್ಲಿ ಅಷ್ಟೇ ದೂರದಲ್ಲಿ ನಿಂತ ಮುದುಕ ಸೇನಾಪತಿ ನೋಡುತ್ತಿರುವುದು ಎಂಟು ನಿಮಿಷದ ಹಿಂದಿನ ಪಾಳೆಯವನ್ನು. ತನ್ನ ಪಕ್ಷದ ಎರಡು ದಳ ಎದುರಾಳಿಗೆ ಸೇರಿದ್ದು ಅವನಿಗೆ ಇನ್ನೂ ಕಂಡಿಲ್ಲ. ಈ ಭಾಗವನ್ನು ಅಕ್ಕನ ಮಗ ಒಪ್ಪಿಕೊಂಡ, "ಲೆಕ್ಕ ಬರೋಬ್ಬರಿ ಐತಿ" ಅಂದ.

2006ರ ಒಂದು ದೊಡ್ಡ ಸಂಕಲನದಲ್ಲಿ ಡೇವಿಡ್ ಹಾರ್ಟ್‌ವೆಲ್ ಮತ್ತು ಕ್ಯಾಥ್ರಿನ್ ಕ್ರೇಮರ್ ಈ ಪ್ರಕಾರದ ಲಕ್ಷಣ ಹೇಳಿದ್ದಾರೆ: ಬಣ್ಣ, ನಾಟಕೀಯತೆ, ಭಾರೀ ವಿಸ್ತಾರ, ನಮ್ಮ ಮನಸ್ಸು ಒಲಿಯುವ ವೀರ, ಒಟ್ಟಿನಲ್ಲಿ ಆಶಾವಾದ. ಕೊನೆಯದೊಂದು ನನಗೆ ಒಪ್ಪಿಗೆಯಿಲ್ಲ. ಹಂಪಿಯ ಗತಿ ಕಂಡವರು ಆಶಾವಾದವನ್ನು ಲಕ್ಷಣವೆಂದು ಹೇಗೆ ಬರೆದಾರು? ವಿಸ್ತಾರ ಮಾತ್ರ ಬೇಕೇಬೇಕು. ಇದೇ ಅಗಸಿಗಳ ಲೋಕದಲ್ಲಿ ಸುಂಕದ ಕಟ್ಟೆಯ ಒಬ್ಬ ಗುಮಾಸ್ತೆಯ ಒಂದು ರಾತ್ರಿಯನ್ನು ಬೇರೆ ಸಣ್ಣಕತೆಯಾಗಿ ಬರೆದಿದ್ದೇನೆ. ಅದರಲ್ಲೂ ನೌಕೆಗಳಿವೆ, ನಕ್ಷತ್ರಗಳಿವೆ. ಆದರೆ ಅವಳು ಸಹಿ ಹಾಕಿದರೂ ಹಾಕದಿದ್ದರೂ ಯಾವ ಸಿಂಹಾಸನವೂ ಅಲ್ಲಾಡುವುದಿಲ್ಲ. ಅದನ್ನು ಸ್ಪೇಸ್ ಒಪೆರಾ ಎಂದು ನಾನು ಕರೆಯುವುದಿಲ್ಲ.