ಒಂದೇ ದಿನದಲ್ಲಿ ಮಾಹೆ, ತಲಶ್ಶೇರಿ: ಹೀಗೆ ಹೋಗಿ ಬನ್ನಿ

ಮಂಗಳೂರಿನಿಂದ ದಕ್ಷಿಣಕ್ಕೆ ರೈಲಿನಲ್ಲಿ ಮೂರು ಗಂಟೆಯೊಳಗೆ ಎರಡು ಹಳೇ ಬಂದರು ಊರುಗಳಿವೆ. ಒಂದು ಇಂಗ್ಲಿಷರು ಬೆಳೆಸಿದ ತಲಶ್ಶೇರಿ. ಇನ್ನೊಂದು ಫ್ರೆಂಚರ ಮಾಹೆ. ನಡುವೆ ಎಂಟು–ಒಂಬತ್ತು ಕಿಲೋಮೀಟರ್ ಅಷ್ಟೇ. ಇಬ್ಬರೂ ಕರಿಮೆಣಸಿಗಾಗಿ ಬಂದವರು, ಅಕ್ಕಪಕ್ಕದಲ್ಲೇ ಕೂತು ಜಗಳವಾಡಿದವರು. ಅವರು ಹೋಗಿ ದಶಕಗಳಾದರೂ ಗಡಿ ಮಾತ್ರ ಉಳಿದಿದೆ. ತಲಶ್ಶೇರಿ ಕೇರಳದ್ದು, ಮಾಹೆ ಪುದುಚೇರಿಯದ್ದು. ಅಂದರೆ ಒಂದೇ ದಿನದಲ್ಲಿ ನೀವು ಎರಡು ಗಡಿ ದಾಟುತ್ತೀರಿ. ಪಾಸ್‌ಪೋರ್ಟ್ ಬೇಡ, ಪರ್ಮಿಟ್ ಬೇಡ.

ಮೊದಲು ಆಸೆ ಕಡಿಮೆ ಮಾಡಿ

ಈ ದಾರಿಯಲ್ಲಿ ಬೇಕಲ ಕೋಟೆಯಿದೆ. ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ್ದು. ಕಣ್ಣೂರಿನಲ್ಲಿ ಪೋರ್ಚುಗೀಸರು 1505ರಲ್ಲಿ ಶುರು ಮಾಡಿದ ಸೇಂಟ್ ಏಂಜೆಲೋ ಕೋಟೆಯಿದೆ. ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ಸಂಜೆಗೆ ನೆನಪಿರುವುದು ಬಸ್ ಸ್ಟ್ಯಾಂಡ್‌ಗಳು ಮಾತ್ರ. ಬೇಕಲಕ್ಕೆ ಬೇರೆ ದಿನ ಹೋಗಬಹುದು, ಅದು ಹತ್ತಿರವೇ ಅಲ್ವಾ? ಇವತ್ತಿಗೆ ಎರಡೇ ಊರು ಸಾಕು. ಮಳೆಗಾಲ ಬಿಟ್ಟು ಹೋಗಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೇ ಕಾಲ.

ರೈಲು ಹಿಡಿಯಿರಿ, ದೂರದ ಊರಿಗೆ ಮೊದಲು ಹೋಗಿ

ಮಂಗಳೂರು ಸೆಂಟ್ರಲ್‌ನಿಂದ ಬೆಳಗಿನ ಜಾವ ಐದರ ಸುಮಾರಿಗೆ ಪರಶುರಾಮ್ ಎಕ್ಸ್‌ಪ್ರೆಸ್ ಹೊರಡುತ್ತದೆ. ಏಳುವುದು ಕಷ್ಟ ಎನ್ನುವವರಿಗೆ ಆಮೇಲೂ ರೈಲುಗಳಿವೆ. ಸಮಯ ಬದಲಾಗುತ್ತಿರುತ್ತದೆ, ಎಲ್ಲ ರೈಲೂ ಮಾಹೆಯಲ್ಲಿ ನಿಲ್ಲುವುದಿಲ್ಲ. ಹಿಂದಿನ ರಾತ್ರಿ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಮಾಹೆಯಲ್ಲಿ ನಿಲ್ಲದಿದ್ದರೆ ತಲಶ್ಶೇರಿಯಲ್ಲಿ ಇಳಿದು ಬಸ್ ಹತ್ತಿದರಾಯಿತು.

ಮೊದಲ ಗಡಿ ದಾಟಿದ್ದು ಗೊತ್ತೇ ಆಗುವುದಿಲ್ಲ. ಉಳ್ಳಾಲ ಕಳೆದು ಮಂಜೇಶ್ವರ ಬಂತೆಂದರೆ ಕೇರಳ. 1956ರಲ್ಲಿ ರಾಜ್ಯಗಳು ಬೇರೆಯಾಗುವವರೆಗೂ ಇದು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೇ. ಕಾಸರಗೋಡು ದಾಟಿದ ಮೇಲೆ ಚಂದ್ರಗಿರಿ ಹೊಳೆ ಬರುತ್ತದೆ, ಆಗ ಎಚ್ಚರವಿರಿ.

ಮಾಹೆಗೆ ಮೊದಲು ಹೋಗಿ ಎನ್ನಲು ಕಾರಣವಿದೆ. ಅಲ್ಲಿ ನೋಡುವುದೆಲ್ಲ ಹೊಳೆಯ ದಡದಲ್ಲಿ, ಬಯಲಲ್ಲಿ. ಬಿಸಿಲು ಏರುವ ಮೊದಲೇ ಮುಗಿಸಬೇಕು. ತಲಶ್ಶೇರಿಯ ಮುಖ್ಯ ಕಾರ್ಯಕ್ರಮ ಮಧ್ಯಾಹ್ನದ ಊಟ. ಬೇರೆ ಯಾವ ಲೆಕ್ಕಾಚಾರವೂ ಬೇಡ.

ಮಾಹೆಯಲ್ಲಿ ಎರಡು–ಮೂರು ಗಂಟೆ

ಒಂದು ತಮಾಷೆ: ಮಾಹೆ ರೈಲ್ವೆ ಸ್ಟೇಷನ್ ಇರುವುದು ಮಾಹೆಯಲ್ಲಲ್ಲ. ಅದು ಕೇರಳದ ಅಳಿಯೂರಿನಲ್ಲಿದೆ. ಆಟೋ ಹತ್ತಿ ಅಥವಾ ನಡೆದೇ ಹೋಗಿ. ಸಾಲುಸಾಲಾಗಿ ಮದ್ಯದಂಗಡಿ, ಪೆಟ್ರೋಲ್ ಬಂಕ್ ಕಂಡರೆ ಗಡಿ ದಾಟಿದಿರಿ ಎಂದು ಅರ್ಥ. ತೆರಿಗೆ ಕಡಿಮೆ, ಹಾಗಾಗಿ ಎರಡೂ ಅಗ್ಗ. ಬಂಡಿಗಳ ನಂಬರ್ ಪ್ಲೇಟ್ ಪಿವೈ 03 ಆಗುತ್ತದೆ. ಸುತ್ತ ಮಾತು ಮಲಯಾಳಂ, ಊಟ ಮಲಬಾರಿನದು, ಆದರೆ ಇಲ್ಲಿನ ಎಂಎಲ್‌ಎ ಕೂರುವುದು ದೂರದ ಪುದುಚೇರಿ ವಿಧಾನಸಭೆಯಲ್ಲಿ. ಇಡೀ ಮಾಹೆ ಒಂಬತ್ತು ಚದರ ಕಿಲೋಮೀಟರ್.

ಬಹಳ ಜನ ಮಾಹೆಯನ್ನು ಮದ್ಯದಂಗಡಿ ಲೆಕ್ಕದಲ್ಲೇ ನೋಡಿ ವಾಪಸ್ಸಾಗುತ್ತಾರೆ. ಅವರಿಗೆ ತಪ್ಪುವುದು ಹೊಳೆ. ಮಯ್ಯಳಿ ಹೊಳೆ ಸಮುದ್ರ ಸೇರುವ ಜಾಗದ ಪಕ್ಕದಲ್ಲೇ ಟ್ಯಾಗೋರ್ ಪಾರ್ಕ್ ಇದೆ, ದಡದುದ್ದಕ್ಕೂ ನಡೆಯುವ ದಾರಿಯಿದೆ. ಪಾರ್ಕಿನೊಳಗೆ ಮರಿಯಾನ್ ಪ್ರತಿಮೆ ಹುಡುಕಿ. ಫ್ರೆಂಚ್ ಗಣರಾಜ್ಯದ ಸಂಕೇತವಾದ ಆ ಹೆಂಗಸು ಮಲಬಾರಿನ ತೆಂಗಿನ ಮರಗಳ ನಡುವೆ ನಿಂತಿದ್ದಾಳೆ.

ದಡದ ಬೆಂಚಿನ ಮೇಲೆ ಕೂತಾಗ ಇದೊಂದನ್ನು ನೆನಪಿಡಿ. ಹೈದರಾಲಿಗೆ ಫ್ರೆಂಚರ ಬಂದೂಕು, ಮದ್ದುಗುಂಡು ಬರುತ್ತಿದ್ದದ್ದು ಈ ಬಂದರಿನಿಂದ. ಮಾಹೆ ತನ್ನ ರಕ್ಷಣೆಯಲ್ಲಿದೆ ಎಂದು ಆತ ಇಂಗ್ಲಿಷರಿಗೆ ಮೊದಲೇ ಹೇಳಿದ್ದ. 1779ರಲ್ಲಿ ಅವರು ಅದನ್ನು ಹಿಡಿದೇಬಿಟ್ಟರು. ಎರಡನೇ ಮೈಸೂರು ಯುದ್ಧಕ್ಕೆ ಇದೂ ಒಂದು ದೊಡ್ಡ ಕಾರಣ. ಹೈದರನ ಕಡೆಯವರು ಹೋಗಿ ಮುತ್ತಿಗೆ ಹಾಕಿದ್ದು ಪಕ್ಕದ ತಲಶ್ಶೇರಿಗೆ. ನಿಮ್ಮ ಇವತ್ತಿನ ಎರಡು ಊರೂ ಒಂದೇ ಕತೆಯ ಎರಡು ತುದಿ. ಆಮೇಲೂ ಮಾಹೆ ಕೈಯಿಂದ ಕೈಗೆ ಹೋಯಿತು. ನೆಪೋಲಿಯನ್ ಸೋತ ಮೇಲೆ ಮತ್ತೆ ಫ್ರೆಂಚರಿಗೇ ಸಿಕ್ಕಿತು. ಭಾರತಕ್ಕೆ ಸ್ವಾತಂತ್ರ್ಯ ಬಂದು ಹೆಚ್ಚುಕಡಿಮೆ ಏಳು ವರ್ಷವಾದ ಮೇಲೆ, 1954ರ ಜುಲೈ 16ರಂದು ಅವರು ಜಾಗ ಖಾಲಿ ಮಾಡಿದರು.

ಸಂತ ತೆರೆಸಾ ಚರ್ಚ್ ಅಲ್ಲೇ ಪೇಟೆಯಲ್ಲಿದೆ. ಅಕ್ಟೋಬರ್‌ನ ಜಾತ್ರೆಗೆ ಎಲ್ಲ ಧರ್ಮದವರೂ ಬರುತ್ತಾರೆ. 14, 15ರ ಸುಮಾರಿಗೆ ಜನ ಜಾಸ್ತಿ. ಸಮಾಧಾನದಿಂದ ಊರು ನೋಡಬೇಕೆಂದರೆ ಆ ದಿನಗಳು ಬೇಡ.

ಬಾಟಲಿ ವಿಷಯ ನೇರವಾಗಿಯೇ ಹೇಳುತ್ತೇನೆ: ತರಬೇಡಿ. ಮಾಹೆಯ ಮದ್ಯವನ್ನು ಕೇರಳಕ್ಕೆ ಸಾಗಿಸುವುದು ಅಪರಾಧ. ಬಸ್ಸಿನಲ್ಲೂ ರೈಲಿನಲ್ಲೂ ಅಬಕಾರಿಯವರು ಚೀಲ ಬಿಚ್ಚಿಸುತ್ತಾರೆ.

ಸೇತುವೆ ದಾಟಿ ತಲಶ್ಶೇರಿಗೆ

ಹೊಳೆಯ ಸೇತುವೆಯನ್ನು ನಡೆದೇ ದಾಟಿ. ಆಚೆ ದಡದ ಹೆಸರು ನ್ಯೂ ಮಾಹೆ, ಆದರೆ ಅದು ಕೇರಳ. ಅಲ್ಲಿಂದ ತಲಶ್ಶೇರಿಗೆ ಪ್ರೈವೇಟ್ ಬಸ್ಸುಗಳು ಒಂದರ ಹಿಂದೊಂದು ಬರುತ್ತವೆ. ಚಿಲ್ಲರೆ ಇಟ್ಟುಕೊಳ್ಳಿ.

ಕಾರಿನಲ್ಲಿ ಬರುವವರಿಗೊಂದು ಮಾತು. 2024ರಲ್ಲಿ ತೆರೆದ ಬೈಪಾಸ್ ಎರಡೂ ಊರನ್ನು ಬಿಟ್ಟು ಹೊರಗಿನಿಂದಲೇ ಹೋಗುತ್ತದೆ. ಮ್ಯಾಪ್ ಹೇಳಿದಂತೆ ಹೋದರೆ ಸೀದಾ ಅಳಿಯೂರಿಗೆ ತಲುಪುತ್ತೀರಿ. ಹಳೇ ರಸ್ತೆ ಹಿಡಿಯಿರಿ.

ತಲಶ್ಶೇರಿಯಲ್ಲಿ ಮೊದಲು ಊಟ. ಇಲ್ಲಿನ ಬಿರಿಯಾನಿಗೆ ಬಾಸುಮತಿ ಹಾಕುವುದಿಲ್ಲ. ಕೈಮ ಎಂಬ ಸಣ್ಣ, ಘಮದ ಅಕ್ಕಿ. ಅನ್ನ ಬೇರೆ, ಮಸಾಲೆ ಬೇರೆ ಬೇಯಿಸಿ, ಆಮೇಲೆ ಒಟ್ಟಿಗೆ ದಮ್ ಕೊಡುತ್ತಾರೆ. ಹೈದರಾಬಾದಿನ ಖಾರ ನಿರೀಕ್ಷಿಸಬೇಡಿ. ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಹೋಟೆಲ್ ಸೇರಿ, ತಡವಾದರೆ ಒಳ್ಳೇ ಕಡೆ ಖಾಲಿಯಾಗುತ್ತದೆ. ಜತೆಗೆ ಕಲ್ಲುಮ್ಮಕಾಯ ಸಿಕ್ಕರೆ ಬಿಡಬೇಡಿ. ಅದು ನಮ್ಮ ಕರಾವಳಿಯಲ್ಲಿ ಪಚ್ಚಿಲೆ ಎನ್ನುವ ಚಿಪ್ಪುಮೀನೇ, ಅಕ್ಕಿ ಹಿಟ್ಟು ತುಂಬಿ ಕರಿದಿರುತ್ತಾರೆ. ಮಾಂಸ ತಿನ್ನದವರಿಗೆ ಉನ್ನಕ್ಕಾಯ ಇದೆ. ಬೇಯಿಸಿದ ನೇಂದ್ರ ಬಾಳೆಯೊಳಗೆ ಸಿಹಿ ತುಂಬಿ ಕರಿದದ್ದು. ಕೆಲವು ಕಡೆ ಒಳಗೆ ಮೊಟ್ಟೆ ಹಾಕುತ್ತಾರೆ, ಕೇಳಿಯೇ ತಗೊಳ್ಳಿ. ಬೇಕರಿಗೂ ಈ ಊರು ಹೆಸರುವಾಸಿ. ಮಂಬಳ್ಳಿ ಬಾಪು ಎಂಬ ಬೇಕರಿಯವರು 1883ರಲ್ಲಿ ಇಲ್ಲಿ ಕ್ರಿಸ್‌ಮಸ್ ಕೇಕ್ ಮಾಡಿದರು, ಭಾರತದಲ್ಲಿ ಅದೇ ಮೊದಲನೆಯದು ಎನ್ನುತ್ತಾರೆ.

ಊಟವಾದ ಮೇಲೆ ಕೋಟೆ. ಈಸ್ಟ್ ಇಂಡಿಯಾ ಕಂಪನಿ 1708ರಲ್ಲಿ ಮುರಕಲ್ಲಿನಲ್ಲಿ ಕಟ್ಟಿಸಿದ್ದು. ಬೇಕಲದಷ್ಟು ದೊಡ್ಡದಲ್ಲ, ಅರ್ಧ ಗಂಟೆ ಸಾಕು. ಬಾಗಿಲಿನ ಕೆತ್ತನೆ ಚೆನ್ನಾಗಿದೆ. ಸಮುದ್ರದ ಕಡೆ 1910ರ ಹಳೇ ಕಡಲಪಾಲ, ಅಂದರೆ ಕಡಲ ಸೇತುವೆ, ಶಿಥಿಲವಾಗಿ ನಿಂತಿದೆ. ದೂರದಿಂದ ಫೋಟೊ ತೆಗೆಯಿರಿ, ಮೇಲೆ ಹತ್ತುವ ಸಾಹಸ ಬೇಡ.

ಕನ್ನಡದವರು ತಪ್ಪಿಸಬಾರದ ಜಾಗ ಇಲ್ಲಿಕ್ಕುನ್ನಿನ ಗುಂಡರ್ಟ್ ಬಂಗಲೆ. ಪೇಟೆಯಿಂದ ಆಟೋದಲ್ಲಿ ಕಣ್ಣೂರು ಕಡೆಗೆ ಸ್ವಲ್ಪ ದೂರ. ಹರ್ಮನ್ ಗುಂಡರ್ಟ್ ಬಾಸೆಲ್ ಮಿಷನ್ ಪಾದ್ರಿ. 1839ರಲ್ಲಿ ಇಲ್ಲಿಗೆ ಬರುವ ಮೊದಲು ಅವರಿದ್ದದ್ದು ಮಂಗಳೂರಿನಲ್ಲಿ. ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ 1843ಕ್ಕೆ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದರು. ನಾಲ್ಕು ವರ್ಷ ಬಿಟ್ಟು ಗುಂಡರ್ಟ್ ಇಲ್ಲಿಂದ ಮಲಯಾಳಂನ ಮೊದಲ ಪತ್ರಿಕೆ ‘ರಾಜ್ಯಸಮಾಚಾರಂ’ ಹೊರಡಿಸಿದರು. ಎರಡೂ ಕಲ್ಲಚ್ಚಿನವು. ಕಾದಂಬರಿಕಾರ ಹರ್ಮನ್ ಹೆಸ್ಸೆ ಗುಂಡರ್ಟ್ ಅವರ ಮಗಳ ಮಗ. ಆ ಮಗಳು ಮರೀ ಹುಟ್ಟಿದ್ದು ತಲಶ್ಶೇರಿಯಲ್ಲೇ. ಮ್ಯೂಸಿಯಂ ತೆರೆದಿದೆಯೇ ಎಂದು ಕೇಳಿಕೊಂಡು ಹೋಗಿ. ರಜಾದಿನವಾದರೆ ಆಟೋ ದುಡ್ಡು ಸುಮ್ನೆ ದಂಡ.

ವಾಪಸ್ ಬರುವಾಗ

ಇನ್ನೂ ಹೊತ್ತಿದ್ದರೆ ಕೋಟೆ ಹತ್ತಿರದ ಓವರ್‌ಬರೀಸ್ ಫಾಲಿಯಲ್ಲಿ ಸೂರ್ಯಾಸ್ತ ನೋಡಬಹುದು. 1870ರ ದಶಕದಲ್ಲಿ ಇಲ್ಲಿದ್ದ ಇಂಗ್ಲಿಷ್ ಜಡ್ಜ್ ಒಬ್ಬ ಗುಡ್ಡದ ಮೇಲೆ ಕಟ್ಟಿಸಲು ಹೊರಟು ಅರ್ಧಕ್ಕೇ ಬಿಟ್ಟ ಕಟ್ಟೆ ಅದು. ಆದರೆ ಸಂಜೆಯ ಪರಶುರಾಮ್ ಹಿಡಿಯುವುದಾದರೆ ಇದನ್ನು ಕೈಬಿಡಿ, ಆರರ ಆಸುಪಾಸಿನಲ್ಲಿ ಅದು ತಲಶ್ಶೇರಿ ಬಿಡುತ್ತದೆ. ಆ ಹೊತ್ತಿಗೆ ಕೆಲಸ ಬಿಟ್ಟವರೆಲ್ಲ ಅದರಲ್ಲೇ ಇರುತ್ತಾರೆ, ಸೀಟು ಬೇಕಿದ್ದರೆ ರಿಸರ್ವೇಶನ್ ಮೊದಲೇ ಮಾಡಿಸಿ. ಆಮೇಲಿನ ಕೆಲವು ರೈಲುಗಳು ಸೆಂಟ್ರಲ್‌ಗೆ ಬರದೆ ಮಂಗಳೂರು ಜಂಕ್ಷನ್ ಮೂಲಕ ಮುಂದೆ ಹೋಗುತ್ತವೆ. ನಿಮ್ಮ ಬೈಕ್ ಯಾವ ಸ್ಟೇಷನ್ನಿನಲ್ಲಿದೆ ಎಂದು ನೋಡಿಕೊಂಡೇ ಟಿಕೆಟ್ ಮಾಡಿ.