ರಿಪೇರಿಯ ರಿಪೇರಿ: ನನ್ನ 1992ರ ಎಂಎಕ್ಸ್-5

ನಾನು ಕೊಂಡದ್ದು 1992ರ ಮಾಜ್ದಾ ಎಂಎಕ್ಸ್-5. ಇದು 1989ರ ಫೆಬ್ರವರಿಯಲ್ಲಿ ಶಿಕಾಗೊ ಮೋಟಾರು ಪ್ರದರ್ಶನದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ತಲೆಮಾರಿನ ಗಾಡಿ. ಎರಡೇ ಸೀಟು, ಮಡಚುವ ಟಾಪು, ಸ್ವಿಚ್ ಒತ್ತಿದರೆ ಬಾನೆಟ್ಟಿನಿಂದ ಮೇಲೇಳುವ ಹೆಡ್‌ಲೈಟು, 1.6 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನು, ಐದು ಗೇರು ಮತ್ತು ಒಂದು ಟನ್ನಿಗಿಂತ ಕಡಿಮೆ ತೂಕ. ಯಂತ್ರ ಸರಳವಾಗಿರುವುದರಿಂದ ಮನೆಯಲ್ಲೇ ಬಿಚ್ಚಿ ಜೋಡಿಸಬಹುದು ಎಂಬುದು ಅದನ್ನು ಕೊಳ್ಳಲು ನನಗಿದ್ದ ಮುಖ್ಯ ಕಾರಣ. ಇದೇ ಸರಳತೆ ಹಿಂದಿನ ಮಾಲೀಕರಿಗೂ ಅದೇ ಧೈರ್ಯವನ್ನು ಕೊಟ್ಟಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಕೀಲಿ ಕೈಗಿಡುವಾಗ ಅವರು, "ಗಾಡಿಗೆ ಏನೂ ಕೆಲಸ ಇಲ್ಲ, ಎಲ್ಲವನ್ನೂ ನಾನೇ ಮಾಡಿದ್ದೇನೆ" ಎಂದಿದ್ದರು. ಆ ಮಾತಿನ ಎರಡನೆಯ ಅರ್ಧ ಸಂಪೂರ್ಣ ಸತ್ಯವಾಗಿತ್ತು.

ಮೊದಲ ಎರಡು ವಾರ ನಾನು ಯಾವ ಭಾಗವನ್ನೂ ಬದಲಾಯಿಸದೆ, ಒಂದು ನೋಟುಪುಸ್ತಕ ಹಿಡಿದು ಗಾಡಿಯ ಮೇಲೂ ಕೆಳಗೂ ಟಾರ್ಚು ಬಿಟ್ಟು ನೋಡಿದೆ. ಕಂಡದ್ದನ್ನೆಲ್ಲ ಎರಡು ಪಟ್ಟಿಗಳಲ್ಲಿ ಬರೆದುಕೊಂಡೆ: ವಯಸ್ಸಿನಿಂದ ಸವೆದದ್ದು ಒಂದು ಕಡೆ, ಕೈಯಿಂದ ಕೆಟ್ಟದ್ದು ಇನ್ನೊಂದು ಕಡೆ. ಮೂವತ್ತು ವರ್ಷದ ರಬ್ಬರು ಗಟ್ಟಿಯಾಗುವುದು ಸಹಜ. ಅದು ಎಲ್ಲಿ, ಹೇಗೆ ಕೆಡುತ್ತದೆಂದು ಮೊದಲೇ ಊಹಿಸಬಹುದು. ಯಾರೋ ಅವಸರದಲ್ಲಿ ಮಾಡಿದ ರಿಪೇರಿ ಮಾತ್ರ ಎಲ್ಲಿ ಅಡಗಿ ಕೂತಿದೆಯೆಂದು ಹೇಳಲಾಗದು, ಹೊರಗಿನಿಂದ ಅದು ಸರಿಯಾಗಿಯೇ ಕಾಣುತ್ತಿರುತ್ತದೆ. ಅಂಚು ಉರುಟಾದ ಬೋಲ್ಟು, ಪಕ್ಕದ ಬೋಲ್ಟುಗಳಿಗಿಂತ ಹೊಳೆಯುವ ಬೋಲ್ಟು, ಇಕ್ಕಳದ ಹಲ್ಲಿನ ಗುರುತಿರುವ ನಟ್ಟು, ಒಂದೇ ಜಾಗದಲ್ಲಿ ಎರಡು ಬಗೆಯ ಸ್ಕ್ರೂ, ಇವೆಲ್ಲ ನನಗೆ ದಾರಿ ತೋರಿದ ಗುರುತುಗಳು. ಎರಡನೆಯ ಪಟ್ಟಿ ಮೊದಲನೆಯದರ ಎರಡರಷ್ಟು ಉದ್ದವಾಯಿತು.

ನಿಲ್ಲುವುದು ಸರಿಯಾಗದೆ ಓಡುವುದರ ಬಗ್ಗೆ ಯೋಚಿಸಬಾರದೆಂದು ಟೈರು ಮತ್ತು ಬ್ರೇಕಿನಿಂದ ಆರಂಭಿಸಿದೆ. ಟೈರಿನ ಗೀರುಗಳು ಆಳವಾಗಿ, ಹೊಸದರಂತೆ ಇದ್ದವು. ಆದರೆ ಪಕ್ಕದ ಗೋಡೆಯ ಮೇಲೆ ಅಚ್ಚೊತ್ತಿರುವ ಡಾಟ್ (DOT) ಎಂಬ ತಯಾರಿಕೆಯ ಗುರುತಿನ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ನನ್ನ ಟೈರುಗಳ ಮೇಲೆ 2309 ಎಂದಿತ್ತು, ಅಂದರೆ ಅವು 2009ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದವು. ನಾಲ್ಕನ್ನೂ ತೆಗೆದು ಹಾಕಿದೆ. ಬ್ರೇಕ್ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿತ್ತು. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನಿಗದಿತ ಪ್ರಮಾಣದ ನೀರು ಸೇರಿದ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ನಾಲ್ಕೂ ಚಕ್ರಗಳಿಂದ ಹಳೆಯದನ್ನು ಹೊರಗೆ ಹರಿಸಿ, ಹೊಸದು ತಿಳಿಯಾಗಿ ಬರುವವರೆಗೆ ಪೆಡಲು ಒತ್ತಿಸಿದೆ.

ಹ್ಯಾಂಡ್‌ಬ್ರೇಕು ಮೇಲಿನವರೆಗೆ ಎಳೆದರೂ ಹಿಡಿಯುತ್ತಿರಲಿಲ್ಲ. ಹಿಂದಿನ ಮಾಲೀಕರು ಅದನ್ನು ಕೇಬಲ್ ಬಿಗಿ ಮಾಡಿ ಸರಿಪಡಿಸಲು ಪ್ರಯತ್ನಿಸಿದ್ದರು. ಅದರ ಹೊಂದಾಣಿಕೆ ಇರುವುದು ಹಿಂದಿನ ಚಕ್ರದ ಕ್ಯಾಲಿಪರಿನ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗದ) ಒಳಗೆ: 14 ಮಿಲಿಮೀಟರಿನ ಒಂದು ಬೋಲ್ಟು ತೆಗೆದರೆ ಹಿಂದೆ 4 ಮಿಲಿಮೀಟರಿನ ಅಲೆನ್ ಕೀ ಕೂರುವ ಕುಳಿ ಸಿಗುತ್ತದೆ. ಪ್ಯಾಡು ಡಿಸ್ಕನ್ನು ಕಚ್ಚುವವರೆಗೆ ಅದನ್ನು ತಿರುಗಿಸಿ, ಸುತ್ತಿನ ಮೂರನೆಯ ಒಂದು ಭಾಗದಷ್ಟು ಹಿಂದಕ್ಕೆ ಬಿಟ್ಟೆ. ಕೇಬಲ್ಲನ್ನು ಸಡಿಲಿಸಿ ಅದರ ಮೊದಲಿನ ಜಾಗಕ್ಕೆ ತಂದೆ. ಹತ್ತು ನಿಮಿಷದ ಕೆಲಸ. ಅದಕ್ಕೆ ಮೊದಲು ಜ್ಯಾಮಾಗಿದ್ದ ಕ್ಯಾಲಿಪರ್ ಪಿನ್ನುಗಳನ್ನು ಬಿಡಿಸಲು ಮಾತ್ರ ಒಂದು ಇಡೀ ದಿನ ಹಿಡಿಯಿತು.

ಇನ್ನು ಎಂಜಿನ್ನು. ಅದರ ತಲೆಯ ಮೇಲಿನ ಕ್ಯಾಮ್ ಕವರಿನ (ವಾಲ್ವುಗಳನ್ನು ತೆರೆಯುವ ಕ್ಯಾಮುಗಳ ಮುಚ್ಚಳದ) ಸುತ್ತ ಕಪ್ಪು ಸಿಲಿಕೋನು ಹೊರಗೆ ಉಬ್ಬಿಕೊಂಡಿತ್ತು. ಈ ಕವರಿಗೆ ಸೋರಿಕೆ ತಡೆಯುವ ರಬ್ಬರ್ ಗ್ಯಾಸ್ಕೆಟ್ ಇದೆ. ಸಿಲಿಕೋನು ಬೇಕಾಗುವುದು ಕ್ಯಾಮ್ ಕ್ಯಾಪುಗಳ ಮೂಲೆಯಂತಹ ಕೆಲವೇ ಜಾಗಗಳಲ್ಲಿ, ಅದೂ ಕಾಳಿನಷ್ಟು. ಹಿಂದಿನವರು ಸೋರಿಕೆ ಕಂಡಾಗಲೆಲ್ಲ ಹಳೆಯದರ ಮೇಲೆ ಹೊಸ ಪದರ ಬಳಿದು, ಬೋಲ್ಟುಗಳನ್ನು ಇನ್ನಷ್ಟು ಬಿಗಿದಿದ್ದರು. ಆ ಸಣ್ಣ ಬೋಲ್ಟುಗಳಿಗೆ ಬೇಕಾದ ಬಿಗಿ 5ರಿಂದ 9 ನ್ಯೂಟನ್-ಮೀಟರು ಮಾತ್ರ, ಅಂದರೆ ಎರಡು ಬೆರಳಿನ ಬಲಕ್ಕಿಂತ ಸ್ವಲ್ಪ ಹೆಚ್ಚು. ಕವರು ತೆಗೆದಾಗ ಹೊರಗೆ ಉಬ್ಬಿದಷ್ಟೇ ಸಿಲಿಕೋನು ಒಳಗೂ ಉಬ್ಬಿರುವುದು ಕಂಡಿತು. ಅದರಲ್ಲಿ ಕೆಲವು ಕಡೆ ತುಂಡುಗಳು ಕಿತ್ತುಹೋಗಿ ಖಾಲಿ ಜಾಗ ಉಳಿದಿತ್ತು. ಆ ತುಂಡುಗಳು ಎಲ್ಲಿಗೆ ಹೋದವು ಎಂಬ ಪ್ರಶ್ನೆ ಆ ರಾತ್ರಿ ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ.

ಉತ್ತರ ಮೀಟರಿನಲ್ಲೇ ಇತ್ತು. ಈ ವರ್ಷಗಳ ಗಾಡಿಯಲ್ಲಿ ಆಯಿಲ್ ಒತ್ತಡದ ಮುಳ್ಳು ನಿಜವಾದ ಒತ್ತಡವನ್ನು ತೋರಿಸುತ್ತದೆ, ಬರೀ ದೀಪವನ್ನು ನಂಬಿ ಕೂರಬೇಕಾಗಿಲ್ಲ. ಎಂಜಿನ್ನು ಚೆನ್ನಾಗಿ ಕಾದ ಮೇಲೆ ಆ ಮುಳ್ಳು ವೇಗ ಹೆಚ್ಚಿಸಿದರೂ ಏರಲು ತಡಮಾಡುತ್ತಿತ್ತು. ಆಯಿಲ್ ಪ್ಯಾನ್ ಬಿಚ್ಚುವುದೊಂದೇ ಉಳಿದ ದಾರಿ. ಆದರೆ ಈ ಗಾಡಿಯಲ್ಲಿ ಅದಕ್ಕೆ ಮುಂಭಾಗದ ಅಡ್ಡಚೌಕಟ್ಟನ್ನು ಕೆಳಗಿಳಿಸಿ, ಎಂಜಿನ್ನನ್ನು ಮೇಲಿನಿಂದ ತೂಗು ಹಾಕಿ ಹಿಡಿಯಬೇಕು. ನಾನು ಮೂರು ವಾರ ಅದನ್ನು ಮುಂದೂಡಿ, ಕೊನೆಗೆ ಮಾಡಿದೆ. ಪ್ಯಾನಿನೊಳಗೆ ಆಯಿಲ್ ಪಂಪಿಗೆ ಎಣ್ಣೆ ಹೀರುವ ಕೊಳವೆಯ ಬಾಯಿಗೆ ಒಂದು ಜಾಲರಿ ಇರುತ್ತದೆ. ಪೆನ್ಸಿಲಿನ ಬರಹ ಅಳಿಸಿದಾಗ ಉದುರುವ ರಬ್ಬರಿನ ಎಳೆಗಳಂತೆ ಕಪ್ಪು ಎಳೆಗಳು ಆ ಜಾಲರಿಯ ಅರ್ಧದಷ್ಟನ್ನು ಮುಚ್ಚಿದ್ದವು. ಒಂದು ಹನಿ ಎಣ್ಣೆ ಹೊರಗೆ ಸೋರಬಾರದೆಂದು ಬಳಿದ ಅಂಟು ಇಡೀ ಎಂಜಿನ್ನಿನ ಉಸಿರು ಕಟ್ಟಿಸುವ ಹಂತಕ್ಕೆ ಬಂದಿತ್ತು. ಜಾಲರಿ ತೊಳೆದು, ಪ್ಯಾನು ಮುಚ್ಚಿ, ಕವರಿಗೆ ಹೊಸ ಗ್ಯಾಸ್ಕೆಟ್ ಹಾಕಿ, ಐನೂರು ಕಿಲೋಮೀಟರಿಗೆ ಒಮ್ಮೆಯಂತೆ ಎರಡು ಸಲ ಆಯಿಲ್ ಬದಲಿಸಿದೆ. ಬೆಳಗ್ಗೆ ಚಾಲೂ ಮಾಡಿದಾಗ ಕೇಳುತ್ತಿದ್ದ ಟಿಕ್ ಟಿಕ್ ಸದ್ದೂ ಅದರೊಂದಿಗೆ ನಿಂತಿತು. ಈ ಎಂಜಿನ್ನಿನ ವಾಲ್ವ್ ಲಿಫ್ಟರುಗಳು ಎಣ್ಣೆಯ ಒತ್ತಡದಿಂದಲೇ ತಮ್ಮ ಸಂದನ್ನು ಸರಿಹೊಂದಿಸಿಕೊಳ್ಳುವುದರಿಂದ, ಶುದ್ಧ ಎಣ್ಣೆ ಸಿಗದಿದ್ದರೆ ಅವು ಹೀಗೆ ದೂರು ಹೇಳುತ್ತವೆ.

ನಾಲ್ಕನೆಯ ಸ್ಪಾರ್ಕ್ ಪ್ಲಗ್ಗು ಇನ್ನೊಂದು ಪಾಠ ಕಲಿಸಿತು. ಎಂಜಿನ್ನಿನ ತೀರ ಹಿಂದಿರುವ ಅದನ್ನು ಬಿಚ್ಚುವಾಗ ಎರಡು ಸುತ್ತು ಬಿಗಿಯಾಗಿ ಬಂದು, ಆಮೇಲೆ ಒಮ್ಮೆಲೆ ಸಡಿಲವಾಯಿತು. ಹೊರಗೆ ಬಂದ ಪ್ಲಗ್ಗಿನ ಮರೆಗಳ (ತಿರುಪಿನ ಸುತ್ತುಗಳ) ನಡುವೆ ಅಲ್ಯುಮಿನಿಯಮ್ಮಿನ ಬೆಳ್ಳಗಿನ ಚೂರುಗಳು ಸಿಕ್ಕಿಕೊಂಡಿದ್ದವು. ಯಾರೋ ಅದನ್ನು ಓರೆಯಾಗಿ ಕೂರಿಸಿ, ಕೈಯಲ್ಲಿ ತಿರುಗದಿದ್ದಾಗ ಉದ್ದನೆಯ ಹಿಡಿಯಿಂದ ಒತ್ತಿ ತಿರುಗಿಸಿದ್ದರು. ಎಂಜಿನ್ನಿನ ತಲೆಭಾಗವಾದ ಹೆಡ್ ಇಳಿಸದೆಯೇ, ಹಾಳಾದ ಮರೆಯ ಜಾಗಕ್ಕೆ ಹೊಸ ಮರೆಯ ಸುರುಳಿ ಕೂರಿಸುವುದೆಂದು ನಿರ್ಧರಿಸಿದೆ. ಮರೆ ಕೊರೆಯುವ ಟ್ಯಾಪಿನ ಗೀರುಗಳಿಗೆ ಗ್ರೀಸು ತುಂಬಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂಬ ಲೆಕ್ಕದಲ್ಲಿ ತಿರುಗಿಸುತ್ತ, ಚೂರುಗಳು ಸಿಲಿಂಡರಿನೊಳಗೆ ಬೀಳದೆ ಗ್ರೀಸಿಗೆ ಅಂಟಿಕೊಳ್ಳಲೆಂದು ಪ್ರತಿ ಎರಡು ಸುತ್ತಿಗೊಮ್ಮೆ ಹೊರತೆಗೆದು ಒರೆಸಿದೆ. ಕೊನೆಗೆ ವ್ಯಾಕ್ಯೂಮ್ ಕ್ಲೀನರಿಗೆ ಸಣ್ಣ ಕೊಳವೆ ಸಿಕ್ಕಿಸಿ ಒಳಗಿನಿಂದಲೂ ಹೀರಿಸಿದೆ. ಈಗ ಪ್ಲಗ್ಗು ಹಾಕುವಾಗ ರಬ್ಬರ್ ಕೊಳವೆಯ ತುದಿಗೆ ಅದನ್ನು ಸಿಕ್ಕಿಸಿ ಬೆರಳಿನಲ್ಲಿ ತಿರುಗಿಸುತ್ತೇನೆ. ಮರೆ ಓರೆಯಾಗಿ ಹಿಡಿದರೆ ರಬ್ಬರು ಜಾರುತ್ತದೆಯೇ ಹೊರತು ಪ್ಲಗ್ಗು ಮುಂದೆ ಹೋಗುವುದಿಲ್ಲ.

ತಳಭಾಗ ನೋಡಿದಾಗ ಬೇಸರವೇ ಆಯಿತು. ನೆಲದ ಕೆಳಗೆ ಉದ್ದಕ್ಕೆ ಸಾಗುವ ಎರಡು ತೆಳು ತಗಡಿನ ಪಟ್ಟಿಗಳನ್ನು ಜ್ಯಾಕ್ ಕೊಡುವ ಜಾಗವೆಂದು ತಿಳಿದು, ಅವು ಚಪ್ಪಟೆಯಾಗುವವರೆಗೆ ಒತ್ತಿದ್ದರು. ಈ ಗಾಡಿಯನ್ನು ಎತ್ತಬೇಕಾದದ್ದು ಮುಂದೆ ಅಡ್ಡಚೌಕಟ್ಟಿನಿಂದ, ಹಿಂದೆ ಡಿಫರೆನ್ಷಿಯಲಿನಿಂದ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರುಪೆಟ್ಟಿಗೆಯಿಂದ). ಬದಿಯಲ್ಲಾದರೆ ಗುರುತು ಮಾಡಿದ ಅಂಚುಗಳಿಂದ. ಚಪ್ಪಟೆಯಾದದ್ದನ್ನು ಪೂರ್ತಿ ನೆಟ್ಟಗೆ ಮಾಡಲಾಗಲಿಲ್ಲ. ತುಕ್ಕು ಕೆರೆದು, ಪ್ರೈಮರು ಬಳಿದು, ಅಷ್ಟಕ್ಕೆ ಬಿಟ್ಟೆ. ಡಿಕ್ಕಿಯಲ್ಲಿ ಬ್ಯಾಟರಿ ಇರುವ ಮೂಲೆಯದು ಬೇರೆ ಕಥೆ. ಅಲ್ಲಿ ಆವಿಯನ್ನು ಕೊಳವೆಯಿಂದ ಹೊರಗೆ ಬಿಡುವ ಬಗೆಯ ಬ್ಯಾಟರಿಯೇ ಇರಬೇಕು. ಕೈಗೆ ಸಿಕ್ಕ ಸಾಧಾರಣ ಬ್ಯಾಟರಿ ಇಟ್ಟದ್ದರಿಂದ ಆಮ್ಲದ ಆವಿ ಸುತ್ತಲಿನ ಬಣ್ಣವನ್ನು ತಿಂದು ತಗಡಿಗೆ ಇಳಿದಿತ್ತು. ಅಡುಗೆ ಸೋಡಾ ಕಲಸಿದ ನೀರಿನಿಂದ ನೊರೆ ಏಳುವುದು ನಿಲ್ಲುವವರೆಗೆ ತೊಳೆದು, ಒಣಗಿಸಿ, ಬಣ್ಣ ಹಚ್ಚಿ, ಸರಿಯಾದ ಬ್ಯಾಟರಿಯನ್ನು ಕೂರಿಸಿ ಅದರ ಕೊಳವೆಯನ್ನೂ ಜೋಡಿಸಿದೆ.

ಆ ಹೊಸ ಬ್ಯಾಟರಿಯೂ ನಾಲ್ಕು ದಿನ ನಿಂತರೆ ಖಾಲಿಯಾಗುತ್ತಿತ್ತು. ಎಲ್ಲವನ್ನೂ ಆರಿಸಿ ಮಲ್ಟಿಮೀಟರು ಸಿಕ್ಕಿಸಿದರೆ 0.4 ಆಂಪಿಯರು ಹರಿಯುತ್ತಿರುವುದು ಕಂಡಿತು; ಅದು 0.05ನ್ನು ಮೀರಬಾರದು. ಒಂದೊಂದೇ ಫ್ಯೂಸು ಕಿತ್ತು ನೋಡುತ್ತ ಹೋದಾಗ ಡ್ಯಾಶ್‌ಬೋರ್ಡಿನ ಹಿಂದೆ ಹಿಂದೊಮ್ಮೆ ಇದ್ದ ಆಂಪ್ಲಿಫೈಯರಿನ ವಯರುಗಳು ಸಿಕ್ಕವು. ಆಂಪ್ಲಿಫೈಯರು ಎಂದೋ ಹೋಗಿತ್ತು. ಅದಕ್ಕೆಂದು ಹಾಕಿದ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಮಾತ್ರ ಹಗಲೂ ರಾತ್ರಿ ಕೆಲಸ ಮಾಡುತ್ತಲೇ ಇತ್ತು. ವಯರುಗಳನ್ನು ತಿರುಚಿ ಸುತ್ತಿದ್ದ ಟೇಪು ಅಂಟು ಬಿಟ್ಟು ಜಿಗುಟಾಗಿತ್ತು. ಅಂತಹ ಹನ್ನೊಂದು ಜೋಡಣೆಗಳನ್ನು ಕತ್ತರಿಸಿ ತೆಗೆದೆ, ಬೇಕಾದ ಮೂರನ್ನು ಬೆಸುಗೆ ಹಾಕಿ ಮುಚ್ಚಿದೆ.

ಗಾಡಿ ಕೆಳಗಿಳಿದು ಕಾಣಲೆಂದು ಸ್ಪ್ರಿಂಗುಗಳನ್ನು ಕತ್ತರಿಸಿದ್ದರು. ಇದಕ್ಕಿಂತ ಕೆಟ್ಟ ಯೋಚನೆ ನನಗೆ ತಿಳಿದ ಮಟ್ಟಿಗೆ ಇಲ್ಲ: ಚಕ್ರ ಪೂರ್ತಿ ಕೆಳಗೆ ಜೋತಾಗ ತುಂಡಾದ ಸ್ಪ್ರಿಂಗು ತನ್ನ ಕುಳಿಯಿಂದ ಹೊರಳಿ ಬರಬಹುದು. ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು ಹಾಕಿದೆ. ಆದರೆ ಇಲ್ಲಿ ನನ್ನದೂ ಒಂದು ತಪ್ಪಾಯಿತು. ಚಕ್ರಗಳನ್ನು ಹಿಡಿದಿರುವ ತೋಳುಗಳ ಬುಶ್ (ರಬ್ಬರಿನ ಕೀಲು) ಬೋಲ್ಟುಗಳನ್ನು ಚಕ್ರಗಳು ಗಾಳಿಯಲ್ಲಿರುವಾಗಲೇ ಬಿಗಿದುಬಿಟ್ಟೆ. ಒಳಗಿನ ರಬ್ಬರು ಲೋಹಕ್ಕೆ ಅಂಟಿಕೊಂಡಿರುವುದರಿಂದ, ಗಾಡಿ ನೆಲಕ್ಕೆ ಇಳಿದಾಗ ಅದು ತಿರುಚಿಕೊಂಡು ಎರಡು ಬೆರಳು ಎತ್ತರಕ್ಕೇ ನಿಂತಿತು. ಎಲ್ಲವನ್ನೂ ಸಡಿಲಿಸಿ, ಚಕ್ರಗಳ ಮೇಲೆ ಭಾರ ಬಿಟ್ಟು, ಮತ್ತೆ ಬಿಗಿದೆ. ಈ ಸಾಲನ್ನು ನೋಟುಪುಸ್ತಕದ ಎರಡನೆಯ ಪಟ್ಟಿಯಲ್ಲಿ ನನ್ನ ಹೆಸರಿನ ಎದುರು ಬರೆದಿದ್ದೇನೆ.

ಉಳಿದದ್ದು ಹೆಚ್ಚು ಕಾಡಲಿಲ್ಲ. ಟೈಮಿಂಗ್ ಬೆಲ್ಟನ್ನು ಬದಲಿಸಿದ ದಾಖಲೆ ಇರಲಿಲ್ಲವಾದ್ದರಿಂದ ವಾಟರ್ ಪಂಪಿನೊಂದಿಗೆ ಬದಲಿಸಿದೆ. ಇದರ ಅವಧಿ ಸುಮಾರು ಒಂದು ಲಕ್ಷ ಕಿಲೋಮೀಟರು, ಈ ಎಂಜಿನ್ನಿನಲ್ಲಿ ಬೆಲ್ಟು ತುಂಡಾದರೂ ವಾಲ್ವುಗಳು ಪಿಸ್ಟನ್ನಿಗೆ ಬಡಿಯುವುದಿಲ್ಲ ಎಂಬುದೇ ಅಲ್ಲಿಯವರೆಗೆ ನನಗಿದ್ದ ಸಮಾಧಾನ. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಭಾಗ ಕಂದು ಬಣ್ಣಕ್ಕೆ ತಿರುಗಿತ್ತು, ಅದು ಒಡೆಯುವ ಮುನ್ಸೂಚನೆ, ಹಾಗಾಗಿ ಅದೂ ಹೋಯಿತು. ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ 75ಡಬ್ಲ್ಯೂ-90 ಎಣ್ಣೆ ಹಾಕಿದ ಮೇಲೆ ಎರಡನೆಯ ಗೇರಿನ ಕರಕರ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಚಕ್ರದ ನಟ್ಟುಗಳನ್ನು ಈಗ ಬಿಗಿಯನ್ನು ಅಳೆಯುವ ಟಾರ್ಕ್ ರೆಂಚಿನಲ್ಲೇ ಬಿಗಿಯುತ್ತೇನೆ. ಅವುಗಳ ಮಿತಿ ಸುಮಾರು 90ರಿಂದ 118 ನ್ಯೂಟನ್-ಮೀಟರು.

ಬಣ್ಣಕ್ಕೆ ಇನ್ನೂ ಕೈ ಹಾಕಿಲ್ಲ, ಹಿಂದಿನ ಚಕ್ರದ ಮುಂದಿನ ಅಂಚಿನಲ್ಲಿ ಪುಟ್ಟಿ ಹಾಕಿ ಮುಚ್ಚಿದ ಜಾಗವೊಂದು ಉಳಿದಿದೆ. ಟಾಪಿನ ಮೇಲೆ ಬಿದ್ದ ನೀರು ಸೀಟುಗಳ ಹಿಂದಿನ ಎರಡು ತೂತುಗಳಿಂದ ಇಳಿದು ಆ ಅಂಚಿನ ಬಳಿಯೇ ಹೊರಬೀಳಬೇಕು. ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಒಳಗೇ ನಿಂತು ತಗಡನ್ನು ಒಳಗಿನಿಂದ ತಿನ್ನುತ್ತದೆ. ತಂತಿ ಹಾಕಿ ಚುಚ್ಚಿದರೆ ಕೆಳಗಿನ ರಬ್ಬರ್ ಕವಾಟ ಹರಿಯುತ್ತದೆಂದು ಮೆತ್ತನೆಯ ನೈಲಾನ್ ಹುರಿಯಿಂದ ಬಿಡಿಸಿದೆ. ಮೊದಲ ದಿನ ಬಲಗಡೆ ಸುರಿದ ಒಂದು ಲೋಟ ನೀರು ಹೊರಗೆ ಬರಲೇ ಇಲ್ಲ. ಕಳೆದ ಭಾನುವಾರ ಮತ್ತೆ ಸುರಿದೆ. ಮೂರು ಎಣಿಸುವುದರೊಳಗೆ ಚಕ್ರದ ಮುಂದೆ ತೊಟ್ಟಿಕ್ಕಿತು, ಕಪ್ಪಾಗಿ ಆರಂಭವಾಗಿ ಕೊನೆಗೆ ತಿಳಿಯಾಯಿತು.