ಆಶ್ರಯದ ಅರ್ಜಿಗೆ ಕೈಜೋಡಿಸುವ ಮುನ್ನ

ಬೆಂಗಳೂರಿಗೆ ಓದಲು ಬಂದ ಅಫ್ಗನ್ ಹುಡುಗನೋ ಹುಡುಗಿಯೋ ‘ಇನ್ನು ಊರಿಗೆ ಹೋಗುವಂತಿಲ್ಲ’ ಎಂದಾಗ ಮನೆ ಓನರ್, ಕಾಲೇಜಿನ ಮೇಷ್ಟ್ರು, ಪಕ್ಕದ ಮನೆಯವರು ನೆರವಿಗೆ ನಿಲ್ಲುವುದುಂಟು. ಮನಸ್ಸೇನೋ ಒಳ್ಳೆಯದೇ. ಆದರೆ ಇಲ್ಲಿ ನಿರಾಶ್ರಿತರಾಗಿ ಉಳಿಯಲು ಹಾಕುವ ಎಷ್ಟೋ ಅರ್ಜಿಗಳು ಕೆಡುವುದೂ ಇಂಥ ಒಳ್ಳೆಯವರ ಕೈಯಲ್ಲೇ.

ಮೊದಲು, ಎಲ್ಲಿಗೆ ಹೋಗಬೇಕು? ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಬೈಲಕುಪ್ಪೆಯ ಟಿಬೆಟನ್ನರ, ಶ್ರೀಲಂಕಾ ತಮಿಳರ ವಿಚಾರವನ್ನು ಸರ್ಕಾರವೇ ನೋಡಿಕೊಂಡಿತು. ಅಫ್ಗನ್ನರಂಥವರು ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಗೆ, ಅಂದರೆ ಯುಎನ್‌ಎಚ್‌ಸಿಆರ್‌ಗೆ ಅರ್ಜಿ ಹಾಕಬೇಕು. ನಯಾಪೈಸೆ ಖರ್ಚಿಲ್ಲ. ‘ನಿರಾಶ್ರಿತರ ಕಾರ್ಡ್ ಮಾಡಿಸಿಕೊಡ್ತೀನಿ’ ಎಂದು ದುಡ್ಡು ಕೇಳುವ ಏಜೆಂಟನನ್ನು ಗೇಟಿನಿಂದಲೇ ವಾಪಸ್ ಕಳಿಸಿ.

ಎರಡನೆಯದು ಹೇಳಿಕೆ, ಅಂದರೆ ಊರಿಗೆ ಯಾಕೆ ಮರಳಲಾಗದು ಎಂದು ಅರ್ಜಿಯಲ್ಲಿ ಬರೆದುಕೊಡುವ ಮಾತು. ಎಡವಟ್ಟೆಲ್ಲ ಆಗುವುದು ಇಲ್ಲೇ, ಅದರಲ್ಲೂ ತಾರೀಖಿನಲ್ಲಿ. ಅಫ್ಗನ್ ಜನ ಬಳಸುತ್ತ ಬಂದಿರುವುದು ಸೌರ ಹಿಜರಿ ಪಂಚಾಂಗ. ಹೊಸ ವರ್ಷ ಮಾರ್ಚ್ 21ರ ಆಸುಪಾಸಿಗೆ, ನವ್ರೋಜ್‌ಗೆ ಶುರು. ತಾಲಿಬಾನ್ ಕಾಬೂಲನ್ನು ಹಿಡಿದ 2021ರ ಆಗಸ್ಟ್ 15 ಅವರ ಲೆಕ್ಕದಲ್ಲಿ 1400ರ ಅಸದ್ 24. ‘621 ಕೂಡಿಸಿ, ಇಸವಿ ಸಿಗುತ್ತೆ’ ಎಂದು ಯಾರೋ ಹೇಳಿಕೊಟ್ಟಿರುತ್ತಾರೆ. ಅದು ಅರ್ಧ ಲೆಕ್ಕ. ಜನವರಿಯಿಂದ ನವ್ರೋಜ್‌ವರೆಗೆ ನಡೆದದ್ದಕ್ಕೆ 622 ಕೂಡಿಸಬೇಕು. ‘1400ರ ದಲ್ವ್ ತಿಂಗಳಲ್ಲಿ ಅಣ್ಣನನ್ನು ಎಳೆದೊಯ್ದರು’ ಎಂದರೆ ಅದು 2022ರ ಜನವರಿ–ಫೆಬ್ರವರಿ. ನೀವು 2021 ಎಂದು ಬರೆದಿರೋ, ತಾಲಿಬಾನ್ ಕಾಬೂಲಿಗೆ ಬರುವ ಮೊದಲೇ ಅವರ ಆಡಳಿತ ಅಣ್ಣನನ್ನು ಹಿಡಿದಂತಾಯಿತು! ಆಮೇಲೆ ಯುಎನ್‌ಎಚ್‌ಸಿಆರ್ ಸಂದರ್ಶನದಲ್ಲಿ ಹುಡುಗ ನಿಜ ಹೇಳಿದರೂ ಹೇಳಿಕೆಗೆ ತಾಳೆಯಾಗುವುದಿಲ್ಲ. ಸುಳ್ಳುಗಾರ ಎನಿಸಿಕೊಳ್ಳುವುದು ಅವನೇ, ನೀವಲ್ಲ.

ಆದ್ದರಿಂದ ಅವರು ಹೇಳಿದ ತಾರೀಖನ್ನು ಹಾಗೆಯೇ ಬರೆದು, ಪಕ್ಕದಲ್ಲಿ ನಮ್ಮ ತಾರೀಖು ಹಾಕಿ. ನೆನಪಿಲ್ಲ ಎಂದರೆ ಒತ್ತಾಯಿಸಿ ಹೇಳಿಸಬೇಡಿ. ‘ಮೊದಲ ಹಿಮ ಬಿದ್ದ ಮೇಲೆ’ ಎಂದರೂ ಸಾಕು. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ದಿನ ಜನವರಿ 1 ಎಂದಿದ್ದರೆ ಗಾಬರಿ ಬೇಡ, ತಿದ್ದಲೂ ಹೋಗಬೇಡಿ. ಹಳೆಯ ತಝ್ಕಿರಾ ಗುರುತುಪತ್ರದಲ್ಲಿ ಬರೀ ‘ಇಂಥ ವರ್ಷದಲ್ಲಿ ಇಷ್ಟು ವಯಸ್ಸು’ ಎಂದಿರುತ್ತದೆ, ದಿನಾಂಕ ಆಮೇಲೆ ಅಂದಾಜಿನಲ್ಲಿ ಬಂದದ್ದು. ಅದನ್ನೇ ಒಂದು ಸಾಲಿನಲ್ಲಿ ವಿವರಿಸಿ.

ಇನ್ನು ಕಥೆಗೆ ಒಗ್ಗರಣೆ ಹಾಕುವವರು. ಒಂದು ಏಟು ಬಿದ್ದಿದ್ದರೆ ಒಂದೇ ಏಟು. ಇನ್ಯಾರದೋ ಹೇಳಿಕೆಯಿಂದ ಪ್ಯಾರಾ ಎತ್ತಿ ಅಂಟಿಸುವುದಂತೂ ಖಂಡಿತ ಬೇಡ. ಅರ್ಜಿ ನೋಡುವವರು ಅಂಥದ್ದನ್ನು ಸಾಕಷ್ಟು ಓದಿರುತ್ತಾರೆ. ಸಹಿಗೆ ಮುಂಚೆ ಪೂರ್ತಿ ಹೇಳಿಕೆಯನ್ನು ಅರ್ಜಿ ಹಾಕುವವರಿಗೆ ಅವರ ಭಾಷೆಯಲ್ಲೇ ಓದಿ ಹೇಳಿಸಿ.

ಓದಿ ಹೇಳುವವರು ಯಾರು? ಮನೆಯ ಮಕ್ಕಳಂತೂ ಅಲ್ಲ. ಅಮ್ಮನ ಮೇಲೆ ನಡೆದ ದೌರ್ಜನ್ಯವನ್ನು ಮಗನ ಬಾಯಲ್ಲಿ ಹೇಳಿಸಿದರೆ ಅರ್ಧ ನುಂಗಿ ಹೋಗುತ್ತದೆ. ನೆಂಟರೂ ಬೇಡ. ಮೊಬೈಲಿನ ಅನುವಾದ ಆ್ಯಪ್ ತರಕಾರಿ ಕೊಳ್ಳಲು ಸರಿ, ಹೇಳಿಕೆಗೆ ಮುಟ್ಟಬೇಡಿ. ಸಂದರ್ಶನಕ್ಕೆ ಕಚೇರಿಯೇ ದುಭಾಷಿಯನ್ನು ಒದಗಿಸುತ್ತದೆ. ಅವರ ಭಾಷೆ ದರಿಯೋ ಪಶ್ತೋವೋ ಎಂದು ಮೊದಲೇ ತಿಳಿಸಿ. ಹೆಣ್ಣುಮಕ್ಕಳು ಮಹಿಳಾ ದುಭಾಷಿ ಬೇಕೆಂದು ಕೇಳಬಹುದು.

ಯುಎನ್‌ಎಚ್‌ಸಿಆರ್ ಕಾರ್ಡ್ ಬಂದರೂ ಅದು ವೀಸಾ ಅಲ್ಲ. ಓದಲು ಬಂದವರು ಇರುವ ವೀಸಾ ಮುಗಿಯುವ ಮುನ್ನವೇ ವಕೀಲರನ್ನು ಕಾಣಬೇಕು. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಮಹಿಳೆಯರಿಗೆ, ಮಕ್ಕಳಿಗೆ, ಬಂಧನದಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಕರೆ ಮಾಡಿ.

ಕೊನೆಗೆ ಮನೆ. ವಿದೇಶಿಯರಿಗೆ ಮನೆ ಕೊಟ್ಟ ಓನರ್ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ವಿದೇಶಿಯರ ನೋಂದಣಿ ಕಚೇರಿಗೆ ಮಾಹಿತಿ ಕೊಡಬೇಕು. ಮೊದಲು ‘ಸಿ ಫಾರ್ಮ್’ ಎನ್ನುತ್ತಿದ್ದರಲ್ಲ, ಅದೇ. ಇದನ್ನು ತಪ್ಪಿಸಲು ನಿಮ್ಮ ಹೆಸರಿನಲ್ಲಿ ಅಗ್ರಿಮೆಂಟ್ ಮಾಡಿಸಿ ಅವರನ್ನು ಇರಿಸುವ ಅಡ್ಡದಾರಿ ಬೇಡವೇ ಬೇಡ. ಪೊಲೀಸರು ಬಂದರೆ ನೀವು, ಓನರ್, ಅವರು, ಮೂವರೂ ಸಿಕ್ಕಿಬೀಳುತ್ತೀರಿ. ಅಗ್ರಿಮೆಂಟ್ ಅವರ ಹೆಸರಿನಲ್ಲೇ ಇರಲಿ, ಅಡ್ವಾನ್ಸ್‌ಗೆ ರಸೀದಿ ಬರೆಸಿಕೊಳ್ಳಿ, ಫಾರ್ಮ್ ತುಂಬಲು ಓನರ್ ಜತೆ ನೀವೇ ಕೂತುಕೊಳ್ಳಿ.